ನಲವತ್ತೆರಡನೆಯ ಹಾದಿ

ಮೇಲಿನ ಕಚೇರಿಯಿಂದ ಬಂದ ಸುತ್ತೋಲೆಯಲ್ಲಿ ಇದ್ದದ್ದು ಒಂದೇ ಸಾಲು: ‘ಅಳೆದು ಪ್ರಮಾಣಪತ್ರ ಕೊಟ್ಟ ಓಟದ ಹಾದಿ ಒಂದಾದರೆ, ಅದರ ಮೇಲೆ ಎಷ್ಟೇ ಸ್ಪರ್ಧೆಗಳು ನಡೆಯಲಿ, ಪಟ್ಟಿಯಲ್ಲಿ ಹೆಸರು ಒಂದೇ ಇರತಕ್ಕದ್ದು.’ ಬರೆದವರು ಬರೆದು ನೆಮ್ಮದಿಯಾಗಿ ಮನೆಗೆ ಹೋಗಿರಬೇಕು. ಅನುಭವಿಸುವ ಪಾಳಿ ಪಟ್ಟಿರಾಯನದು.

ಪಟ್ಟಿರಾಯ ಓಟದ ಸಂಘದ ಗುಮಾಸ್ತ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹನ್ನೊಂದು ವರ್ಷದಿಂದ ಓಟದ ಹಾದಿಗಳನ್ನು ಪಟ್ಟಿ ಮಾಡುತ್ತಿದ್ದವನು ಬಸ್ಸು ಹಿಡಿಯಲೂ ಓಡಿದವನಲ್ಲ. ಅಂದು ಬೆಳಿಗ್ಗೆ ಕಾರ್ಯದರ್ಶಿ ಮೇಡಂ ಕರೆದು, “ಸಂಜೆ ಐದರೊಳಗೆ ಪಟ್ಟಿ ಮುಗಿಸಿಕೊಡಿ. ನೀವು ಕೇಳಿದ ಉಗ್ರಾಣದ ಕೆಲಸ ನಾಳೆಯಿಂದಾನೇ ನಿಮಗೆ. ಇಲ್ಲಾಂದ್ರೆ ಇನ್ನೊಂದು ವರ್ಷ ಇದೇ ಕುರ್ಚಿ,” ಅಂದಿದ್ದರು.

ಉಗ್ರಾಣ! ಅಲ್ಲಿ ಹಗ್ಗ, ಬಾವುಟ, ಮುರಿದ ಫಲಕ. ಒಂದಕ್ಕೂ ಬಾಯಿಲ್ಲ. ಪಟ್ಟಿರಾಯನಿಗೆ ಯೋಚಿಸಿದರೇ ನಿದ್ದೆ ಬರುವ ಹಾಗಿತ್ತು.

ನಲವತ್ತೊಂದು ಹಾದಿ ಸಲೀಸಾಗಿ ಮುಗಿದವು. ನಲವತ್ತೆರಡನೆಯದು ಕೆರೆಯನ್ನು ಒಂದು ಸುತ್ತು ಹಾಕುವ ಹತ್ತು ಕಿಲೋಮೀಟರು. ಬ್ಯಾಂಕಿನವರು, ಆಸ್ಪತ್ರೆಯವರು, ಹೈಸ್ಕೂಲಿನವರು ಮೂವರೂ ಅದರ ಮೇಲೆಯೇ ಬೇರೆ ಬೇರೆ ತಿಂಗಳಲ್ಲಿ ಓಟ ನಡೆಸುತ್ತಿದ್ದರು. ಪಟ್ಟಿರಾಯ ಮೂವರಿಗೂ ಫೋನ್ ಮಾಡಿ, “‘ಕೆರೆ ಸುತ್ತು’ ಅಂತ ಬರ್ಕೊಳ್ಳಲಾ?” ಎಂದು ಕೇಳಿದ. ಕೇಳದೆ ಬರೆದಿದ್ದರೆ ಬದುಕಿಕೊಳ್ಳುತ್ತಿದ್ದ.

ಹನ್ನೊಂದಕ್ಕೆ ಮೂವರೂ ಮೇಜಿನ ಮುಂದೆ ಹಾಜರು.

“ಇಪ್ಪತ್ತು ವರ್ಷದಿಂದ ಓಡಿಸ್ತಿರೋರು ನಾವು. ‘ಬ್ಯಾಂಕ್ ಸುತ್ತು’ ಅಂತಾನೇ ಇರ್ಬೇಕು,” ಅಂದರು ಮ್ಯಾನೇಜರು.

“ಓಡಿಸಿದ್ರಿ, ಸರಿ. ಬಿದ್ದೋರನ್ನ ಎತ್ಕೊಂಡು ಹೋಗಿದ್ದು ಯಾರು? ನಿಮ್ಮ ಕ್ಯಾಷಿಯರಾ?” ಡಾಕ್ಟರಮ್ಮ ಬಿಡಲಿಲ್ಲ.

“ಇಬ್ರೂ ನನ್ನ ಕ್ಲಾಸಲ್ಲೇ ಓದಿದ್ದು. ಮೊದ್ಲು ಕೂತ್ಕೊಳ್ಳಿ!” ಎಂದು ಹೆಡ್‌ಮಾಸ್ಟರು ಗದರಿದರು. ಇಬ್ಬರೂ ಅರಿವಿಲ್ಲದೆ ಕೂತುಬಿಟ್ಟರು. ಕೂತ ಅವಮಾನಕ್ಕೆ ದುಪ್ಪಟ್ಟು ದನಿ ತೆಗೆದು ಎದ್ದರು.

“ಮೂರೂ ಹೆಸರು ಸೇರಿಸಿ ಬರೀರಿ, ಪಾಪ,” ಎಂದು ಟೈಪಿಸ್ಟ್ ಅಕ್ಕ ತಮ್ಮ ಮೂಲೆಯಿಂದಲೇ ಉಪಕಾರ ಮಾಡಿದರು. ಯಾರ ಹೆಸರು ಮೊದಲು ಎಂಬುದರಲ್ಲಿ ಇನ್ನೊಂದು ಗಂಟೆ ಹೋಯಿತು. ಪಟ್ಟಿರಾಯನ ತಲೆ ಗಿರಣಿಗೆ ಹಾಕಿದಂತೆ ಹಿಟ್ಟಾಯಿತು.

“ನೋಡಿ,” ಎಂದ ಅವನು ಕೊನೆಗೆ, ಹಣೆ ಒತ್ತಿಕೊಳ್ಳುತ್ತಾ. “ಓಟ ಶುರುವಾಗೋ ಜಾಗದಲ್ಲಿ ಡಾಂಬರಿಗೆ ಒಂದು ಮೊಳೆ ಹೊಡೆದಿರ್ತಾರಲ್ಲ, ಆ ಮೊಳೆ ಬೇರೆ ಕಡೆ ಇದ್ರೆ ನಿಯಮದ ಪ್ರಕಾರ ಅದು ಬೇರೇನೇ ಹಾದಿ. ಬೇರೆ ನಂಬರು, ಬೇರೆ ಹೆಸರು. ನನಗೇನು?”

ಮೂವರೂ ಕೈಗಡಿಯಾರ ನೋಡಿಕೊಂಡರು. ಮೂವರಿಗೂ ಒಟ್ಟಿಗೇ ಏನೋ ಅವಸರದ ಕೆಲಸ ನೆನಪಾಯಿತು.

“ಗೆದ್ರಿ ಬಿಡಿ,” ಅಂದರು ಟೈಪಿಸ್ಟ್ ಅಕ್ಕ. ಪಟ್ಟಿರಾಯ ಎಷ್ಟೋ ದಿನದ ಮೇಲೆ ಬುತ್ತಿಯನ್ನು ರುಚಿ ನೋಡಿ ತಿಂದ.

ನಾಲ್ಕರ ಹೊತ್ತಿಗೆ ಒಬ್ಬೊಬ್ಬರೇ ಬಂದು ಅಂಟಿಸಿದ ಲಕೋಟೆ ಕೊಟ್ಟು ಹೋದರು. “ಮೊಳೆ ಬದಲಾಯಿಸಿಬಿಟ್ವಿ. ಅಳತೆ ಮೇಷ್ಟ್ರ ಸಹಿ ಇದೆ. ಅವರಿಬ್ರಿಗೆ ಹೇಳ್ಬೇಡಿ,” ಎಂದು ಮೂವರದೂ ಒಂದೇ ಪಿಸುಮಾತು. ಸೈಕಲ್ಲಿನ ಚಕ್ರಕ್ಕೆ ಎಣಿಕೆ ಯಂತ್ರ ಕಟ್ಟಿಕೊಂಡು ಹಾದಿ ಅಳೆಯುವ ಅಧಿಕಾರ ಊರಿನಲ್ಲಿ ಇದ್ದದ್ದು ಆ ಮೇಷ್ಟ್ರೊಬ್ಬರಿಗೇ.

ಮೂರು ಹಾದಿ, ಮೂರು ಹೆಸರು, ಜಗಳವಿಲ್ಲ. ಪಟ್ಟಿರಾಯ ಹಗುರಾಗಿ ಮೊದಲ ಲಕೋಟೆ ಒಡೆದ: ಆರಂಭ, ಪಂಪ್‌ಹೌಸಿನ ಗೇಟಿನ ಎದುರು. ಎರಡನೆಯದು: ಪಂಪ್‌ಹೌಸಿನ ಗೇಟಿನ ಎದುರು. ಮೂರನೆಯದರಲ್ಲೂ ಅದೇ ಗೇಟು.

ಅಳತೆ ಮೇಷ್ಟ್ರಿಗೆ ಫೋನ್ ಮಾಡಿದ.

“ಹೌದಪ್ಪಾ, ಒಬ್ಬರ ಹಿಂದೆ ಒಬ್ರು ಗುಟ್ಟಾಗಿ ಬಂದ್ರು,” ಅಂದರು ಮೇಷ್ಟ್ರು. “ಜಾಗ ನೀವೇ ನೋಡಿ ಅಂದ್ರು. ನನ್ನ ಮಂಡಿ ನೋಡಿದೀಯಲ್ಲ, ಮೂರು ಸಲ ಕೆರೆ ಸುತ್ತೋಕಾಗುತ್ತಾ? ಒಂದೇ ಸಲ ತುಳಿದೆ, ಒಂದೇ ಮೊಳೆ ಹೊಡೆದೆ, ಮೂರು ಕಾಗದ ಬರೆದುಕೊಟ್ಟೆ. ಅಳತೇಲಿ ಒಂದಿಂಚು ತಪ್ಪು ಹುಡುಕು ನೋಡೋಣ!”

ಈಗ ಹೇಳುವವರು ಕೇಳುವವರು ಇಲ್ಲದ ಹಳೆಯ ಹಾದಿಯೊಂದು, ಮೂರು ಹೆಸರಿನ ಹೊಸ ಹಾದಿಯೊಂದು. ಬೆಳಿಗ್ಗೆ ಒಂದು ಬಾಕಿಯಿದ್ದದ್ದು ಸಂಜೆಗೆ ಎರಡಾಗಿತ್ತು. ಐದು ಹೊಡೆಯಿತು. ಬಾಗಿಲಿಗೆ ಬಂದ ಕಾರ್ಯದರ್ಶಿ ಮೇಡಂ ಅವನ ಮುಖ ನೋಡಿದರು. ಕೈಯಲ್ಲಿದ್ದ ಉಗ್ರಾಣದ ಬೀಗದಕೈಯನ್ನು ಚೀಲಕ್ಕೆ ಹಾಕಿಕೊಂಡು ಹಿಂದಿರುಗಿದರು.

ಫೋನ್ ಬಡಿದುಕೊಂಡಿತು. ಆ ಕಡೆ ಮ್ಯಾನೇಜರು. ಅವರ ಹಿಂದೆ ಇನ್ನೆರಡು ಪರಿಚಿತ ದನಿಗಳು ಒಂದರ ಮೇಲೊಂದು ಏರುತ್ತಿದ್ದವು.

“ರೀ, ನಮ್ಮ ಮೊಳೆ ನೋಡೋಣ ಅಂತ ಬಂದ್ರೆ ಇವರಿಬ್ರೂ ಅದರ ಮೇಲೇ ನಿಂತಿದಾರಲ್ರೀ! ಇರಿ ಅಲ್ಲೇ. ಮೂವರೂ ಹೊರಟ್ವಿ.”