‘ವೌಚ್‌ಸೇಫ್’ ಎಂಬ ಪದ ಮನೆ ಹೊಕ್ಕ ಬಗ್ಗೆ

ಇಂದ:
ತಮ್ಮ ಕಚೇರಿಯ ಹಿರಿಯ ನಿಘಂಟುಕಾರರ ಹೆಂಡತಿ

ಗೆ:
ಪ್ರಧಾನ ಸಂಪಾದಕರು, ಇಂಗ್ಲಿಷ್ ನಿಘಂಟು ವಿಭಾಗ

ವಿಷಯ: ‘ವೌಚ್‌ಸೇಫ್’ ಎಂಬ ಕ್ರಿಯಾಪದವನ್ನು ನನ್ನ ಯಜಮಾನರಿಂದ ಹಿಂಪಡೆಯುವ ಕುರಿತು.

ಉಲ್ಲೇಖ: ಪದ ವಹಿಸಿಕೊಂಡವರು ಅದನ್ನು ಒಂದು ವಾರ ಮನೆಯಲ್ಲಿ ಆಡಿ ನೋಡತಕ್ಕದ್ದು ಎಂಬ ತಮ್ಮ ಕಚೇರಿಯ ನಿಯಮ.

ಮಾನ್ಯರೇ,

೧. ಸದರಿ ಪದಕ್ಕೆ, ದೊಡ್ಡವರು ಚಿಕ್ಕವರಿಗೆ ಏನನ್ನಾದರೂ ಮಹಾ ಕೃಪೆಯಿಂದ ದಯಪಾಲಿಸುವುದು ಎಂದರ್ಥವಂತೆ. ಹಳೆಯ ಕಾವ್ಯಗಳಲ್ಲಿ ದೇವರು ದರ್ಶನವನ್ನೂ ರಾಣಿಯರು ಒಂದು ಕುಡಿನೋಟವನ್ನೂ ಹೀಗೆ ಕೊಡುತ್ತಿದ್ದರಂತೆ. ನಮ್ಮ ಮನೆಯಲ್ಲಿ ಅದು ಉಪ್ಪಿನ ಡಬ್ಬಿಗೆ ಬಂದು ನಿಂತಿದೆ.

“ಸ್ವಲ್ಪ ಉಪ್ಪು ವೌಚ್‌ಸೇಫ್ ಮಾಡ್ತೀಯಾ?”

“ಕೈ ಚಾಚಿದ್ರೆ ಸಿಗುತ್ತೆ, ತಗೊಳ್ರೀ,” ಎಂದು ಅರ್ಜಿದಾರಳು ಉತ್ತರಿಸಿರುತ್ತಾಳೆ.

೨. ಇಷ್ಟಕ್ಕೆಲ್ಲ ಅರ್ಜಿ ಬರೆಯುವವಳು ನಾನಲ್ಲ. ಹಿಂದೆ ‘ಲ್ಯಾಮೆಂಟ್’ ಕೊಟ್ಟಿದ್ದಿರಿ, ವಾರವಿಡೀ ಗೋಳಾಡಿದರು. ಸಹಿಸಿಕೊಂಡೆ.

೩. ನಮ್ಮ ಮಗಳು ಲಾರಿ ಓಡಿಸುತ್ತಾಳೆ. ಆ ಕೆಲಸ ಹಿಡಿದ ದಿನ ಇವರು “ನಾನು ಕರೆಯೋವರೆಗೂ ಈ ಮನೆಗೆ ಬರಬೇಡ” ಎಂದರು. ಅವಳೂ ಇವರ ಮಗಳೇ ತಾನೆ, ಬಂದಿಲ್ಲ. ಆ ಕಾರಣ, ನಾನೇ ಹೆದ್ದಾರಿಯ ಪೆಟ್ರೋಲ್ ಬಂಕಿಗೆ ಹೋಗಿ, ಅವಳು ಡೀಸೆಲ್ ತುಂಬಿಸುವಷ್ಟು ಹೊತ್ತು ಮಾತಾಡಿಸಿ ಬರುತ್ತೇನೆ.

೪. ಮೊನ್ನೆ ಅವಳೇ ಸೋತು ಫೋನ್ ಮಾಡಿದಳು. “ಅಮ್ಮಾ, ಭಾನುವಾರ ರಜೆ ಇದೆ. ಅಪ್ಪ ಬಾ ಅಂತಾರಾ ಕೇಳು.”

ಫೋನ್ ಹಿಡಿದುಕೊಂಡೇ ಕೇಳಿದೆ. ಕುರ್ಚಿಯಿಂದ ಏಳದೆ, “ಅನುಮತಿ ವೌಚ್‌ಸೇಫ್ ಮಾಡಿದ್ದೀನಿ ಅಂತ ಹೇಳು,” ಎಂದರು.

ಅವಳಿಗೆ ಕೇಳಿಸಿತು. “ಅವರ ಕೃಪೆ ಅವರೇ ಇಟ್ಕೊಳ್ಲಿ,” ಎಂದು ಫೋನ್ ಇಟ್ಟುಬಿಟ್ಟಳು.

“ನಾನು ಬಾ ಅಂತಾನೇ ಅಲ್ವೇನೇ ಹೇಳಿದ್ದು?” ಎಂದು ಇವರು ಊಟ ಬಿಟ್ಟು ಎದ್ದರು. “ಹಾಗಾದ್ರೆ ನೀವೇ ಫೋನ್ ಮಾಡಿ ಹೇಳ್ರೀ” ಎಂದೆ. “ಏನಂತ ಹೇಳ್ಲಿ?” ಎಂದರು.

ಆದ್ದರಿಂದ, ಸದರಿ ಪದವನ್ನು ಸಂಸಾರವಿಲ್ಲದ ಯಾರಿಗಾದರೂ ವಹಿಸಿ, ನನ್ನ ಯಜಮಾನರಿಗೆ ನಾಳೆಯಿಂದಲೇ ‘ಇನ್ವೈಟ್’ ಎಂಬ ಪದವನ್ನು ಕೊಡಬೇಕಾಗಿ ಕೋರುತ್ತೇನೆ. ನನ್ನ ಮಾತು ಮೀರುತ್ತಾರೆ, ಕಚೇರಿಯ ನಿಯಮ ಮೀರುವುದಿಲ್ಲ. ಅರ್ಜಿ ಕೊಟ್ಟವಳು ನಾನೆಂದು ದಯವಿಟ್ಟು ತಿಳಿಸಬಾರದು.

ತಮ್ಮ ವಿಶ್ವಾಸಿ,
ಅವರ ಹೆಂಡತಿ, ಅವಳ ಅಮ್ಮ

ಲಗತ್ತು: ಮಗಳ ಫೋನ್ ನಂಬರ್. ಇವರಿಗೆ ಬಾಯಿಪಾಠವಿದೆ, ಆದರೂ ಕಳೆದುಹೋಗಿದೆ ಎನ್ನುತ್ತಾರೆ.

ವಿ.ಸೂ.: ಹೊಸ ಪದವನ್ನು ಮಗಳ ಜೊತೆ ಆಡಿ ನೋಡುವಾಗ ಇವರು ತೊದಲಿದರೆ, ದೋಷ ಪದದ್ದೆಂದು ಭಾವಿಸಿ ಅದನ್ನು ಹಿಂಪಡೆಯಬಾರದಾಗಿ ವಿನಂತಿ.