ಕಾಕಾನ ಲೆಕ್ಕದಲ್ಲಿ ಐವತ್ತು ತುಂಬದ ಮದುವೆ

ನಮ್ಮ ಕಾಕಾನ ಎದುರು ನೀವು ಯಾರನ್ನು ಬೇಕಾದರೂ ಬೈಯಬಹುದು. ಬೇಕಾದರೆ ಕಾಕಾನನ್ನೇ ಬೈಯಬಹುದು. ಆದರೆ ‘ನಿನ್ನೆ ಮೊನ್ನೆ’ ಎಂಬ ಮಾತು ಮಾತ್ರ ಆಡಕೂಡದು! ಒಮ್ಮೆ ಕಲಬುರಗಿಯಿಂದ ಬಂದ ಹಳೆಯ ಸ್ನೇಹಿತರೊಬ್ಬರು ಚಹಾ ಕುಡಿಯುತ್ತ, "ನಿನ್ನೆ ಮೊನ್ನೆ ಬಂದು ಹೋದಂಗ ಐತಿ ನೋಡ್ರಿ" ಎಂದುಬಿಟ್ಟರು. ಕಾಕಾ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ, "ಏಳು ವರ್ಷ, ಐದು ತಿಂಗಳು, ಹನ್ನೊಂದು ದಿನ ಆತ್ರಿ. ಇವತ್ತಿಂದೂ ಹಿಡಿದರ ಹನ್ನೆರಡು" ಎಂದರು. ಸ್ನೇಹಿತರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮತ್ತೆ ಬಂದಿಲ್ಲ. ಅವರು ಬರದೆ ಎಷ್ಟು ದಿನವಾಯಿತೆಂದು ಕಾಕಾನನ್ನು ಕೇಳುವ ಧೈರ್ಯ ಯಾರಿಗಿದೆ?

ಇಂಥ ಕಾಕಾನ ಲೆಕ್ಕ ಈ ಸಲ ಅವರ ಹೆಂಡತಿ, ನಮ್ಮ ಕಾಕುವಿನ ಆಸೆಗೇ ಅಡ್ಡ ಬಂತು. ಮದುವೆಯಾಗಿ ಐವತ್ತು ವರ್ಷ ತುಂಬಿದ್ದಕ್ಕೆ ಒಂದು ಸಮಾರಂಭ ಆಗಲಿ ಎಂಬುದು ಕಾಕುವಿನ ಆಸೆ. ಎಲ್ಲಿ ತುಂಬಿದೆ ಎಂಬುದು ಕಾಕಾನ ಪ್ರಶ್ನೆ!

ಈ ರೋಗದ ಮೂಲ ಇರುವುದು ರೈಲ್ವೆಯಲ್ಲಿ. ಕಾಕಾ ತೆಲುಗು ಸೀಮೆಯ ಮಲ್ಕಾಜ್‌ಗಿರಿಯಲ್ಲಿ ಮನೆ ಮಾಡಿಕೊಂಡು ಜೀವಮಾನವೆಲ್ಲ ಪಿಂಚಣಿ ವಿಭಾಗದಲ್ಲಿ ದುಡಿದವರು. ನೌಕರ ಸೇರಿದ ತಾರೀಖಿನಿಂದ ನಿವೃತ್ತಿಯ ತಾರೀಖಿನವರೆಗೆ ಎಷ್ಟು ವರ್ಷ, ಎಷ್ಟು ತಿಂಗಳು, ಎಷ್ಟು ದಿನ ಎಂದು ಎಣಿಸುವುದು, ನಡುವೆ ಬಿನ್‌ಪಗಾರಿ, ಅಂದರೆ ಸಂಬಳವಿಲ್ಲದ, ರಜೆ ಹಾಕಿದ್ದರೆ ಅಷ್ಟನ್ನು ಕಡಿಯುವುದು ಅವರ ಕೆಲಸ. ಉಳಿದದ್ದೇ ಅಸಲು ಸರ್ವಿಸು. ನಿವೃತ್ತರಾದ ಮೇಲೆ ಉಳಿದವರೆಲ್ಲ ಬೆಳಿಗ್ಗೆ ವಾಕಿಂಗ್ ಹಿಡಿದರೆ, ಕಾಕಾ ಮನೆಗೆ ಬಂದವರ ಸರ್ವಿಸು ಕಡಿಯಲು ಕೂತರು.

ನನ್ನ ತಂಗಿಯನ್ನು ನೋಡಲು ಗಚ್ಚಿಬೌಲಿಯಿಂದ ಒಬ್ಬ ವರ ಬಂದಿದ್ದ. ಅವನ ತಂದೆ ಮೀಸೆ ನೀವಿಕೊಂಡು, "ಹುಡುಗಗ ಐದು ವರ್ಷದ ಅನುಭವ ಐತ್ರಿ" ಎಂದರು. ಕಾಕಾ ಮೆಲ್ಲಗೆ ಮೊದಲ ಕಂಪನಿ ಬಿಟ್ಟ ತಾರೀಖು ಕೇಳಿದರು. ಎರಡನೆಯದಕ್ಕೆ ಸೇರಿದ ತಾರೀಖು ಕೇಳಿದರು. ಆಮೇಲೆ, "ನಡುವ ನಾಲ್ಕು ತಿಂಗಳ ಎಲ್ಲಿದ್ರಿ?" ಎಂದರು. ಹುಡುಗನ ಗಂಟಲಲ್ಲಿ ಉಪ್ಪಿಟ್ಟು ಸಿಕ್ಕಿಕೊಂಡಿತು.

"ಮನ್ಯಾಗ ಇದ್ದೆ ಅಂಕಲ್."

"ಹಂಗಾರ ನಾಲ್ಕು ವರ್ಷ ಎಂಟು ತಿಂಗಳು ಅನ್ರಿ. ಐದು ಹೆಂಗ ಆತು?"

ಸಂಬಂಧ ಅಲ್ಲಿಗೇ ಮುರಿಯಿತು ಎಂದುಕೊಂಡೆವು. ಇಲ್ಲ! ಹುಡುಗನ ತಂದೆ ಹೊರಡುವಾಗ, "ಇಂಟರ್ವ್ಯೂದಾಗೂ ಯಾರೂ ಹಿಡಿದಿರ್ಲಿಲ್ರಿ" ಎಂದು ಭಕ್ತಿಯಿಂದ ಕೈಮುಗಿದರು. ಆ ಹುಡುಗ ಈಗ ನನ್ನ ತಂಗಿಯ ಗಂಡ. ಕಾಕಾನ ಮುಂದೆ ಇವತ್ತಿಗೂ ತನ್ನ ವಯಸ್ಸು ಹೇಳುವುದಿಲ್ಲ.

ಇನ್ನು ಕಾಕುವಿನ ಅಣ್ಣನ ಕಥೆ. ಅವರು ಊರಿಂದ ಬಂದು, ಎಂಟು ದಿನ ಇದ್ದು ಹೋಗುತ್ತೇನೆ ಎಂದರು. ನಮ್ಮ ಕಡೆ ಎಂಟು ದಿನ ಎಂದರೆ ಬೇಸರವಾಗುವವರೆಗೆ ಎಂದು ಮಕ್ಕಳಿಗೂ ಗೊತ್ತು. ಕಾಕಾ ಮಾತ್ರ ಬಂದ ದಿನವನ್ನೂ ಹಿಡಿದು, ಎಂಟನೆಯ ದಿನ ಬೆಳಿಗ್ಗೆ ಬಾಗಿಲಿಗೆ ಆಟೊ ಕರೆಸಿದರು! ಪಾಪ, ಅವರು ಇನ್ನೂ ಹಲ್ಲುಜ್ಜುತ್ತಿದ್ದರು. ಆಮೇಲೆ ಕಾಕು ಗಂಡನೊಡನೆ ಮಾತು ಬಿಟ್ಟರು. ಎಷ್ಟು ದಿನ? ಅದೂ ಕಾಕಾನಿಗೇ ಗೊತ್ತು.

ಈಗ ಸಮಾರಂಭಕ್ಕೆ ಬರೋಣ. ಈ ವರ್ಷ ಕಾಕು ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರು ಮಕ್ಕಳ ಮುಂದೆ ಇಟ್ಟದ್ದು ಒಂದೇ ಬೇಡಿಕೆ. ಐವತ್ತನೆಯ ವರ್ಷಕ್ಕೆ ಇಳಕಲ್ ಸೀರೆ ಉಟ್ಟು, ಬಳಗವನ್ನೆಲ್ಲ ಕರೆದು, ಆಟೊ ಹತ್ತಿಸಿದ ಆ ಅಣ್ಣನಿಗೆ ಕೈಯಾರೆ ಹೋಳಿಗೆ ಬಡಿಸಬೇಕು. ಮಕ್ಕಳು ಕೂಡಲೇ ಫಂಕ್ಷನ್ ಹಾಲ್ ಗೊತ್ತುಮಾಡಿದರು. ಕಾಕಾ ಪತ್ರಿಕೆಯಿಂದ ತಲೆ ಎತ್ತದೆ, "ಐವತ್ತು ಎಲ್ಲಿ ಆತು? ನಲವತ್ನಾಲ್ಕು" ಎಂದರು.

ನಾನು ಫೋನು ತೆಗೆದು ಮದುವೆಯ ತಾರೀಖು, ಸಮಾರಂಭದ ತಾರೀಖು ಎರಡನ್ನೂ ಒತ್ತಿ ತೋರಿಸಿದೆ. "ನೋಡ್ರಿ ಕಾಕಾ, ಪೂರಾ ಐವತ್ತು!"

"ನಿನ್ನ ಫೋನಿಗೆ ಎರಡು ತಾರೀಖು ಗೊತ್ತು ಯವ್ವಾ. ನಡುವಿಂದು ಏನು ಗೊತ್ತು?" ಎಂದು ಕಾಕಾ ಗೆಣ್ಣು ಎಣಿಸತೊಡಗಿದರು. ಕಾಜೀಪೇಟೆಗೆ ವರ್ಗವಾಗಿ ಅವರೊಬ್ಬರೇ ಇದ್ದ ಕಾಲ ಕಡಿತ. ಕಾಕು ಎರಡು ಬಾಣಂತನಕ್ಕೆ ತವರಿಗೆ ಹೋದದ್ದು ಕಡಿತ. ಮಾತು ಬಿಟ್ಟ ದಿನಗಳೆಲ್ಲ ಬಿನ್‌ಪಗಾರಿ ರಜೆ! ಒಟ್ಟು ಆರು ವರ್ಷ ಹಾರಿಹೋಯಿತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಕಾಕು ನಗಲಿಲ್ಲ.

"ನಿಮ್ಮ ಮಕ್ಕಳನ್ನ ಹಡಿಯಾಕ ಹೋಗಿದ್ದೂ ರಜಾ ಏನ್ರಿ? ಸಾಕು ಬಿಡ್ರಿ. ನನಗ ಸೀರಿನೂ ಬ್ಯಾಡ, ಫಂಕ್ಷನ್ನೂ ಬ್ಯಾಡ" ಎಂದು ಒಳಗೆ ಹೋದರು.

ಸುದ್ದಿ ಹೇಗೋ ಫಂಕ್ಷನ್ ಹಾಲಿನವನ ಕಿವಿಗೂ ಬಿತ್ತು. ಹೂವಿನ ಬೋರ್ಡಿನ ಮೇಲೆ ಯಾವ ಸಂಖ್ಯೆ ಬರೆಯಲಿ ಎಂದು ಕಾಕಾನ ಮಗನಿಗೆ ಫೋನು ಮಾಡಿ ತೆಲುಗಿನಲ್ಲಿ ಕೇಳಿದ. "ಯಾಭೈ ಆ ಸಾರ್, ನಲಭೈ ನಾಲುಗಾ?" ಐವತ್ತೋ, ನಲವತ್ನಾಲ್ಕೋ! ನನಗೆ ನಿಜಕ್ಕೂ ಸಿಟ್ಟು ಬಂತು. ನೇರ ವರಾಂಡಕ್ಕೆ ಹೋದೆ.

"ಕಾಕಾ, ಆಕಿ ಜೀವಾ ಉಳಿಸಿಕೊಂಡು ಬಂದಾಳ. ಒಂದು ದಿನ ನಿಮ್ಮ ಲೆಕ್ಕ ಬಿಟ್ಟರ ಏನು ಹೋಗ್ತೈತಿ?"

ಕಾಕಾ ಕನ್ನಡಕ ತೆಗೆದರು. "ನಮ್ಮ ಆಫೀಸಿನ್ಯಾಗ ಸರ್ವಿಸು ಪೂರಾ ಆತಂದ್ರ ಏನ್ ಮಾಡ್ತಿದ್ವಿ, ಗೊತ್ತೈತೇನು?"

"ಏನ್ ಮಾಡ್ತಿದ್ರಿ?"

"ಶಾಲು ಹೊಚ್ಚಿ, ಹಾರ ಹಾಕಿ, ಕಳಿಸಿಬಿಡ್ತಿದ್ವಿ." ಕನ್ನಡಕದ ಗಾಜು ಒರೆಸತೊಡಗಿದರು. "ಆಸ್ಪತ್ರ್ಯಾಗ ಆಕಿನ್ನ ಒಳಗ ಕರ್ಕೊಂಡು ಹೋದಾಗ ಹೊರಗ ಕುರ್ಚಿ ಮ್ಯಾಲೆ ಕುಂತು ಈ ಲೆಕ್ಕ ಮಾಡೀನಿ. ಆಕಿ ಐವತ್ತೂ ವರ್ಷ ಮನಿ ನಡೆಸ್ಯಾಳ, ಆಕೀದು ಒಂದು ದಿನಾನೂ ಕಡಿದಿಲ್ಲ. ಕಡಿದಿದ್ದು ನಂದು. ಹಡಿಯೂ ಮುಂದ ನಾ ಬಾಜೂಕ ಇರಲಿಲ್ಲ. ಮಾತು ಬಿಟ್ಟಾಗ ಮೊದಲು ಮಾತಾಡ್ಸಲಿಲ್ಲ. ಆರು ವರ್ಷ ನನ್ನ ಕಡೆ ಬಾಕಿ ಐತಿ ಯವ್ವಾ. ಅದು ತುಂಬೂ ತನಕ ಆಕಿನ್ನ ಯಾರೂ ಕಳಿಸೂ ಹಂಗಿಲ್ಲ. ದೇವರು ಸೈತ."

ನಾನು ತಿರುಗಿದರೆ ಬಾಗಿಲಲ್ಲಿ ಕಾಕು ಚಹಾ ಹಿಡಿದು ನಿಂತಿದ್ದರು. "ಆತು, ಆರು ವರ್ಷ ಆದಮ್ಯಾಲೆ ಇನ್ನೊಂದು ಸೀರಿ ಕೊಡಿಸ್ರಿ. ಈಗಿಂದು ಈಗ" ಎಂದು ಕಪ್ಪು ಅವರ ಕೈಗಿಟ್ಟರು.

ಸಮಾರಂಭ ಆಯಿತು. ಬೋರ್ಡಿನ ಮೇಲೆ ಸಂಖ್ಯೆ ಇರಲಿಲ್ಲ, ಬರೀ ಇಬ್ಬರ ಹೆಸರು. ಹಾರ, ಶಾಲು ತಂದವರನ್ನೆಲ್ಲ ಕಾಕಾ ಬಾಗಿಲಲ್ಲೇ ತಡೆದು ಅವನ್ನು ಅಲ್ಲೇ ಇಡಿಸಿದರು. ಹಾರಕ್ಕೂ ಇಷ್ಟು ತಕರಾರೇ ಎಂದು ಬಳಗ ಪಿಸುಗುಟ್ಟಿತು. ಕಾಕುವಿನ ಅಣ್ಣ ಮೂರನೆಯ ಹೋಳಿಗೆ ಮುರಿಯುತ್ತ, ಮೈಮರೆತು, "ನಿನ್ನೆ ಮೊನ್ನೆ ನಿಮ್ಮ ಮದಿವಿ ಮಾಡಿದಂಗ ಐತಿ ನೋಡ್ರಿ" ಎಂದುಬಿಟ್ಟರು!

ಇಡೀ ಪಂಕ್ತಿ ಕೈ ತಡೆಯಿತು. ಕಾಕಾನ ಹೆಬ್ಬೆರಳು ಗೆಣ್ಣಿನ ಮೇಲೆ ಹೋಯಿತು. ಎದುರಿಗೆ ತುಪ್ಪದ ಗಿಂಡಿ ಹಿಡಿದು, ಇಳಕಲ್ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಕು ನಿಂತಿದ್ದರು. ಕಾಕಾ ಅವರನ್ನೇ ನೋಡುತ್ತ ಕೈ ಕೆಳಗಿಳಿಸಿದರು.

"ಹೌದ್ರಿ" ಎಂದರು. "ನಿನ್ನೆ ಮೊನ್ನೆನ ಆದಂಗ ಐತಿ."