ಸೊಂಟಕ್ಕೆ ಕಟ್ಟಿದ ಒಂಬತ್ತು ಮೊಳ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಸೇಡಂ ಕಚೇರಿಯ ದೊಡ್ಡ ಪಡಸಾಲೆಯಲ್ಲಿ, ಒಳಬಂದವರ ಎಡಗೈಗೆ, ಮೂರನೆಯ ಕಂಬದಿಂದ ಒಂದೂವರೆ ಮೊಳ ಈಚೆ. ಕಚೇರಿಯ ಲೆಕ್ಕದಲ್ಲಿ ಬಹಮನ್ ತಿಂಗಳು, ಮನೆಯ ಲೆಕ್ಕದಲ್ಲಿ ಮಾರ್ಗಶಿರ. ಶನಿವಾರ, ಬೆಳಿಗ್ಗೆ ಹತ್ತೂವರೆ. ಗಂಟೆಯನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು, ಅದನ್ನು ಬಿಟ್ಟು ಕೆಳಗೆ ನೋಡಲು ನನ್ನಿಂದ ಆಗುತ್ತಿರಲಿಲ್ಲ. ನಿಜಾಮರ ಆಳಿಕೆ ಹೋಗಿ ಇಷ್ಟು ವರ್ಷಗಳಾದ ಮೇಲೆ ಮೊನ್ನೆ ಊರಿನ ತರುಣರು ನಾಲ್ಕು ಜನ ನನ್ನ ಮನೆಗೆ ಬಂದಿದ್ದರು. ಅಂದು ತಾಲೂಕ್ದಾರರ ಮುಂದೆ ತಲೆ ಬಾಗದೆ ಸೆಟೆದು ನಿಂತ ಧೀರರು ನೀವೇ ಅಲ್ಲವೇ ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಶಾಲು ಹೊದಿಸುವ ದಿನವನ್ನು ಗೊತ್ತು ಮಾಡಿಕೊಂಡು ಹೋದರು. ಸೆಟೆದು ನಿಂತದ್ದು ನಿಜ. ಧೀರ ಎಂಬ ಮಾತಿಗೆ ಮಾತ್ರ ನನ್ನ ತಕರಾರಿದೆ. ಅಂದು ನನ್ನನ್ನು ಸೆಟೆಸಿ ನಿಲ್ಲಿಸಿದ್ದು ಧೈರ್ಯವಲ್ಲ, ಕುರಕುಂಟಾದ ಸಾಬಮ್ಮ ಎಂಬ ಮುದುಕಿ. ಅವಳು ನಮ್ಮ ಮನೆಗೆ ಬಂದು ನನ್ನ ಮೈ ತಿಕ್ಕಿದ್ದಳು.

ಮೂರು ವರ್ಷದಿಂದ ನಾನು ಆ ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ತಾಲೂಕ್ದಾರರೆಂದರೆ ಜಿಲ್ಲೆಗೇ ದೊಡ್ಡವರು. ಅವರು ಶನಿವಾರ ಬಂದು ಕಚೇರಿ ನೋಡಿ, ಮನಸ್ಸಿಗೆ ಬಂದವರನ್ನು ಕಾಯಂ ಮಾಡುವವರಿದ್ದರು. ಬಾರದವರು ಮನೆಗೆ. ಮನೆಯಲ್ಲಿ ನನ್ನ ಹೆಂಡತಿ ನೀಲಮ್ಮ ಹದಿನೈದು ದಿನದ ಬಾಣಂತಿ, ತೊಟ್ಟಿಲಲ್ಲಿ ಮಗ. ಆದ್ದರಿಂದ ನಾನು ಅವರ ಮನಸ್ಸಿಗೆ ಬರಲೇಬೇಕಾಗಿತ್ತು. ಗುಮಾಸ್ತರ ಮೇಲಿನ ಅಧಿಕಾರಿಯಾದ ನಮ್ಮ ಪೇಶ್ಕಾರರ ಅಭಿಪ್ರಾಯದಲ್ಲಿ ಅದಕ್ಕಿದ್ದ ದಾರಿ ಒಂದೇ, ಸಲಾಮು. ನಡು ಬಗ್ಗಿಸಿ, ಬಲಗೈಯನ್ನು ನೆಲದ ಹತ್ತಿರ ಒಯ್ದು ಹಣೆಗೆ ಮುಟ್ಟಿಸಬೇಕು. ಹೀಗೆ ಏಳು ಸಲ. ಏಳನೆಯದಾದ ಮೇಲೂ ಹುಜೂರರು ದಾಟಿ ಹೋಗುವವರೆಗೆ ಬಗ್ಗಿಯೇ ಇರಬೇಕು. ಗುರುವಾರ ಮಧ್ಯಾಹ್ನ ಅವರು ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಇದರ ತಾಲೀಮು ಮಾಡಿಸಿದರು. ಐದನೆಯ ಸಲಾಮಿನಲ್ಲಿ ನನ್ನ ಸೊಂಟದೊಳಗೆ ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಉಳಿದವರು ಎದ್ದರು. ನಾನು ಏಳಲಿಲ್ಲ. "ಶಾಬಾಸ್! ನೋಡ್ರಿ, ಹಿಂಗ ಬಗ್ಗಬೇಕು," ಎಂದರು ಪೇಶ್ಕಾರರು. ಉಳಿದವರೆಲ್ಲ ಹೋದ ಮೇಲೂ ನಾನು ಬಗ್ಗಿಯೇ ಇದ್ದದ್ದನ್ನು ಕಂಡು ಅವರಿಗೂ ಸಂಶಯ ಬಂತು.

ಕಚೇರಿಯ ಜವಾನ ಹುಸೇನಸಾಬ್ ನನ್ನ ರಟ್ಟೆ ಹಿಡಿದು ಮನೆಗೆ ನಡೆಸಿಕೊಂಡು ಹೊರಟ. ಬಜಾರಿನಲ್ಲಿ ಒಬ್ಬ ಮನುಷ್ಯ ಆ ಭಂಗಿಯಲ್ಲಿ ನಡೆದರೆ ಏನಾಗುತ್ತದೆಂದು ನಾನು ಯೋಚಿಸಿರಲಿಲ್ಲ. ಎಲ್ಲರೂ ತಿರುಗಿ ಸಲಾಮು ಮಾಡತೊಡಗಿದರು. ಪಾನಪಟ್ಟಿಯವನು ಮಾಡಿದ, ಠಾಣೆಯ ಪೊಲೀಸನು ಮೀಸೆ ತಿರುವಿಕೊಂಡು ಮಾಡಿದ. ಕಿರಾಣಿ ಅಂಗಡಿಯ ಬಸಣ್ಣಪ್ಪನಿಗೂ ನಮಗೂ ಮೋರಿಯ ನೀರಿನ ವಿಷಯಕ್ಕೆ ಮೂರು ವರ್ಷದಿಂದ ಮಾತಿರಲಿಲ್ಲ. ನಾನು ಅವನ ಅಂಗಡಿಯ ಮುಂದೆ ನೆಲಮಟ್ಟಕ್ಕೆ ಬಗ್ಗಿ ಬಂದದ್ದನ್ನು ಕಂಡು ಅವನ ಕಣ್ಣಲ್ಲಿ ನೀರು ಬಂತು. "ಏ ತಮ್ಮಾ, ಇಷ್ಟ್ಯಾಕ ಬಗ್ತೀಯೋ! ತಪ್ಪು ನಂದೂ ಅದ!" ಎನ್ನುತ್ತ ಓಡಿಬಂದು ನನ್ನನ್ನು ಎತ್ತಿ ಅಪ್ಪಿಕೊಂಡ. ಆಗ ನಾನು ಹಾಕಿದ ಕೂಗನ್ನು ಅವನು ಸಂತೋಷದ ಕೂಗೆಂದೇ ತಿಳಿದ. ಮೋರಿಯ ಜಗಳ ಅಲ್ಲಿಗೆ ಮುಗಿಯಿತು.

ಸಾಬಮ್ಮ ದಿನಾ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಿದ್ದಳು. ಮಗುವಿಗೆ ಎಣ್ಣೆ ತಿಕ್ಕಿ ನೀರೆರೆಯುವುದು, ಬಾಣಂತಿಗೆ ಮೈ ತಿಕ್ಕಿ ಹೊಟ್ಟೆ ಕಟ್ಟುವುದು ಅವಳ ಕಸಬು. ನನ್ನನ್ನೂ ಅವಳೇ ಎರೆದು ಬೆಳೆಸಿದ್ದಳು. ಶುಕ್ರವಾರ ಕಚೇರಿಗೆ ರಜೆ. ಅವಳು ಬಂದಾಗ ನಾನು ಅಂಗಳದಲ್ಲಿ ಬೋರಲು ಮಲಗಿದ್ದೆ.

"ಆಯಿ, ಇವರದೂ ಸ್ವಲ್ಪ ನೋಡ್ರಿ. ನಾಳೆ ಸಾಹೇಬರ ಮುಂದ ನಿಂದ್ರಬೇಕಂತ," ಎಂದಳು ನೀಲಮ್ಮ.

ಸಾಬಮ್ಮ ನನ್ನನ್ನು ಕಾಲಿನಿಂದ ತುಸು ಹೊರಳಿಸಿ ನೋಡಿದಳು. "ನನಗ ಎರಡೇ ಗೊತ್ತವ ಯಪ್ಪಾ. ಒಂದು ಕೂಸು, ಒಂದು ಬಾಣಂತಿ. ನೀ ಯಾವುದು, ನೀನೇ ಹೇಳು."

ನಾನು ಮಾತಾಡಲಿಲ್ಲ. "ಮಾತಿಲ್ಲಂದ್ರ ಕೂಸೇ," ಎಂದು ತೀರ್ಮಾನಿಸಿ ಅವಳು ಸೆರಗು ಸಿಕ್ಕಿಸಿದಳು.

ಮನೆಗೆ ಕರೆಸಿ ಮೈ ತಿಕ್ಕಿಸಿಕೊಳ್ಳಬೇಕೆಂದಿರುವವರು ಏನೇನನ್ನು ನಿರೀಕ್ಷಿಸಬೇಕೆಂದು ಅನುಭವದಿಂದ ಹೇಳುತ್ತೇನೆ. ಮೊದಲನೆಯದಾಗಿ, ಮನೆ ಆ ಹೊತ್ತು ನಿಮ್ಮದಾಗಿರುವುದಿಲ್ಲ. ಒಲೆ, ಹಂಡೆ, ಹೆಂಡತಿ ಎಲ್ಲವೂ ಅವರ ಹುಕುಮಿನಲ್ಲಿರುತ್ತವೆ. ಸಾಬಮ್ಮ ಬಚ್ಚಲಿನ ಶಹಾಬಾದಿ ಕಲ್ಲಿನ ಮೇಲೆ ನನ್ನನ್ನು ಮಲಗಿಸಿದಳು. ಮಾರ್ಗಶಿರದ ಬೆಳಿಗ್ಗೆ ಆ ಕಲ್ಲು ಎಷ್ಟು ತಣ್ಣಗಿರುತ್ತದೆಂದರೆ ಸೊಂಟದ ನೋವು ಸ್ವಲ್ಪ ಹೊತ್ತು ಮರೆತುಹೋಗುತ್ತದೆ. ಅಷ್ಟರಲ್ಲಿ ಎಣ್ಣೆ ಬರುತ್ತದೆ. ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ, ಓಮಿನಕಾಳು ಹಾಕಿ ಕಾಯಿಸಿದ್ದು. ಅದು ಬೆನ್ನಿಗೆ ಬಿದ್ದ ಕೂಡಲೇ ಕಲ್ಲು ತಣ್ಣಗಿದ್ದದ್ದೂ ಮರೆತುಹೋಗುತ್ತದೆ. ನೋವೆಲ್ಲಿದೆ ಎಂದು ಅವರು ಕೇಳುತ್ತಾರೆಂದು ಕಾಯಬೇಡಿ. ಅವರ ಹೆಬ್ಬೆರಳು ತಾನೇ ಹುಡುಕಿಕೊಂಡು ಹೋಗಿ ಅಲ್ಲಿಯೇ ಕೂರುತ್ತದೆ. ನೀವು ಕೂಗಿದರೆ, "ಹಾಂ, ಇಲ್ಲೇ ಅದ," ಎಂದು ಸಂತೋಷಪಡುತ್ತಾರೆ. ಕೂಗದಿದ್ದರೆ ಕೂಗುವವರೆಗೆ ಒತ್ತುತ್ತಾರೆ. ಬೈಗುಳವೂ ಚಿಕಿತ್ಸೆಯೊಳಗೇ ಸೇರಿದೆ. "ಸಣ್ಣಾಂವ ಇದ್ದಾಗೂ ಹಿಂಗೇ ಒದರತಿದ್ದಿ. ಮೂರು ಓಣಿ ಮಂದಿ ಎದ್ದು ಬರತಿದ್ರು. ನಿನ್ನ ಮಗನ್ನ ನೋಡಿ ಕಲಿ, ಹದಿನೈದು ದಿನದ ಕೂಸು, ಕಮಕ್ ಅನ್ನಲ್ಲ!" ಬಾಗಿಲಲ್ಲಿ ನೀಲಮ್ಮ ಮಗನನ್ನೆತ್ತಿಕೊಂಡು ನಿಂತಿದ್ದಳು. ಮಗ ನನ್ನನ್ನೇ ನೋಡುತ್ತಿದ್ದ. ತಂದೆಯ ಬಗ್ಗೆ ಒಬ್ಬ ಮಗ ತಳೆಯುವ ಮೊದಲ ಅಭಿಪ್ರಾಯ ಹಾಗೆ ಆಗಬಾರದಿತ್ತು.

ಆಮೇಲೆ ಅವಳು ನನ್ನ ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಮುಟ್ಟಿಸಿದಳು. ಕೂಸುಗಳಿಗೆ ಹಾಗೆ ಮಾಡುವುದನ್ನು ನೀವೂ ನೋಡಿರಬಹುದು. ಮೂವತ್ತು ವರ್ಷದ ಗುಮಾಸ್ತನಿಗೆ ಮಾಡಿದ್ದನ್ನು ನಾನೊಬ್ಬನೇ ಬಲ್ಲೆ. ಕೊನೆಗೆ ಜಂತಿಯಿಂದ ಇಳಿಬಿಟ್ಟ ಹಗ್ಗ ಹಿಡಿದು ನನ್ನ ಸೊಂಟದ ಮೇಲೆ ನಿಂತು, ಜೋಳದ ತೆನೆ ತುಳಿದಂತೆ ತುಳಿದಳು. ಗುರುವಾರ ಕೇಳಿದ್ದ ಸದ್ದೇ ಮತ್ತೊಮ್ಮೆ ಕೇಳಿತು, ಈ ಸಲ ತಿರುಗಾ ಮುರುಗಾ. ನಾನು ಸತ್ತೆನೆಂದುಕೊಂಡೆ. "ಏಳು," ಎಂದಳು. ಎದ್ದೆ. ನಿಂತೆ! ಹಿಂದಿನ ಮಧ್ಯಾಹ್ನದಿಂದ ಮೊದಲ ಸಲ ಜಂತಿ, ಗೂಡು, ಹೆಂಡತಿಯ ಮುಖ ಎಲ್ಲವೂ ತಮ್ಮ ತಮ್ಮ ಎತ್ತರದಲ್ಲಿ ಕಂಡವು. ಲೋಕವನ್ನೇ ಗೆದ್ದವನಂತೆ ನಾನು ಎರಡು ಕೈ ಮೇಲೆತ್ತಿದೆ. ಸುಡುನೀರು ತಲೆಯ ಮೇಲೆ ಬಿತ್ತು.

ಅಲ್ಲಿಗೆ ಅವಳು ನಿಲ್ಲಿಸಬಹುದಿತ್ತು. ಓಮಿನ ಹೊಗೆ ಹಾಕಿದಳು, ಹಣೆಗೆ ಕಾಡಿಗೆ ಇಟ್ಟಳು. "ಕೂಸಿನ ಕೆಲಸ ಮುಗೀತು. ಈಗ ಬಾಣಂತಿದು," ಎಂದು ನೀಲಮ್ಮನ ಹಳೆಯ ಸೀರೆಯ ಒಂಬತ್ತು ಮೊಳ ಹರಿದು, ಮುರಿದ ಹಳೆಯ ತೊಟ್ಟಿಲಿನ ಒಂದು ಮರದ ಪಟ್ಟಿಯನ್ನು ಬೆನ್ನಿಗೆ ಕೊಟ್ಟು, ಎದೆಯಿಂದ ತೊಡೆಯವರೆಗೆ ಬಿಗಿದು ಕಟ್ಟಿದಳು. "ಐದು ದಿನ ಬಿಚ್ಚಬ್ಯಾಡ. ಬಿಚ್ಚಿದಿ ಅಂದ್ರ ನಾ ಈ ಮನಿ ಮೆಟ್ಟಿಲು ಹತ್ತಂಗಿಲ್ಲ."

ಶನಿವಾರ ಬೆಳಿಗ್ಗೆ ಅಂಗಿ ತೊಟ್ಟು ಒಂದು ಸಲಾಮು ಮಾಡಿ ನೋಡೋಣವೆಂದು ಬಗ್ಗಿದೆ. ಬಗ್ಗಿದ್ದು ಕುತ್ತಿಗೆ ಮಾತ್ರ, ಅದೂ ಒಂದು ಬೆರಳಿನಷ್ಟು. ಗಂಟು ಬೆನ್ನಿನ ಹಿಂದೆ, ಕೈಗೆ ನಿಲುಕದ ಕಡೆ ಇತ್ತು.

"ನೀಲಾ, ಬಿಚ್ಚು."

"ನಾ ಬಿಚ್ಚಂಗಿಲ್ಲರಿ. ಆಯಿ ಬರೋದು ಬಿಟ್ರ ಕೂಸಿನ್ನ ಯಾರು ಎರೀಬೇಕು? ನೀವು ಎರೀತೀರೇನು?"

"ಅಲ್ಲೇ, ಸಲಾಮ್ ಮಾಡಲಿಲ್ಲಂದ್ರ ನೌಕರಿ ಹೋಗ್ತದ!"

"ನಿನ್ನೆತನಕ ಏಳಲಿಕ್ಕ ಬರವಲ್ದು ಅಂತ ಅಳತಿದ್ರಿ, ಇವತ್ತು ಬಗ್ಗಲಿಕ್ಕ ಬರವಲ್ದು ಅಂತೀರಿ. ನಿಮಗ ಹ್ಯಾಂಗಿದ್ರೂ ಅಳೂದೇ ಅದ. ಹೋಗ್ರಿ, ಹೊತ್ತಾಯ್ತು."

ಹೀಗೆ ನಾನು ಮೂರನೆಯ ಕಂಬದಿಂದ ಒಂದೂವರೆ ಮೊಳ ಈಚೆ ನಿಂತೆ. ಬಾಗಿಲ ಪರದೆಯನ್ನು ಹುಸೇನಸಾಬ್ ಎತ್ತಿ ಹಿಡಿದ. ತಾಲೂಕ್ದಾರರು ಬಂದರು. ನನ್ನ ಎಡಕ್ಕೆ, ಬಲಕ್ಕೆ ಗಾಳಿಗೆ ಜೋಳ ಮಲಗಿದಂತೆ ತಲೆಗೆ ಸುತ್ತಿದ ರುಮಾಲುಗಳೆಲ್ಲ ಒಟ್ಟಿಗೆ ಮಲಗಿದವು. ನಾನೊಬ್ಬನೇ ಉಳಿದೆ. ಕೈಯನ್ನು ಹಣೆಗೆ ಒಯ್ದೆ, ಏಳು ಸಲ. ಅದು ಸಲಾಮಿಗಿಂತ ಹೆಚ್ಚಾಗಿ ನೊಣ ಓಡಿಸಿದಂತೆ ಇದ್ದಿರಬೇಕು. ಬೆನ್ನಿನ ಮೇಲೆ ಬೆವರು ಇಳಿಯುವುದು ಗೊತ್ತಾಯಿತು, ಪಟ್ಟಿಯ ಹತ್ತಿರ ಬಂದು ನಿಂತದ್ದೂ ಗೊತ್ತಾಯಿತು. ಹುಜೂರರು ಸಾಲಿನ ಉದ್ದಕ್ಕೂ ನಡೆದು ಬಂದು ನನ್ನ ಮುಂದೆ ನಿಂತರು. ಅವರ ಮೂಗು ಒಂದು ಸಲ ಅಲುಗಿತು. ಬೆಳ್ಳುಳ್ಳಿ ಇರಬೇಕು. ಗಡಿಯಾರದ ಮುಳ್ಳು ಒಂದು ನಿಮಿಷ ಮುಂದೆ ಹೋಯಿತು.

ಅವರು ಉರ್ದುವಿನಲ್ಲಿ ಹೇಳಿದ್ದು ಇಷ್ಟು: "ಎಲ್ಲಿ ಹೋದರೂ ನನಗೆ ರುಮಾಲುಗಳೇ ಕಾಣುತ್ತವೆ. ಇವತ್ತು ಒಂದು ಮುಖ ಕಂಡಿತು." ಆಮೇಲೆ ನಮ್ಮ ತಾಲೂಕಿನ ಮುಧೋಳದ ಕೆರೆಯ ಕಾಗದ ಎಲ್ಲಿಗೆ ಬಂತೆಂದು ಆ ಮುಖವನ್ನೇ ಕೇಳಿದರು. ಅದನ್ನು ಎರಡು ಸಲ ನಕಲು ಮಾಡಿದವನು ನಾನೇ. ಒಡ್ಡಿನ ಉದ್ದ, ತೂಬಿನ ಅಗಲ, ಕೊನೆಯ ಅರ್ಜಿ ಕೊಟ್ಟವರ ಹೆಸರು, ಎಲ್ಲವನ್ನೂ ಗಡಿಯಾರ ನೋಡುತ್ತಲೇ ಹೇಳಿದೆ. ಅವರು ಇನ್ನೂ ನಾಲ್ಕು ಕೇಳಿದರು. ನಾಲ್ಕಕ್ಕೂ ಹೇಳಿದೆ. ಅಷ್ಟು ಹೊತ್ತೂ ಪೇಶ್ಕಾರರು ಬಗ್ಗಿಯೇ ಇದ್ದರು. ಅವರ ಸೊಂಟದಿಂದಲೂ ಒಂದು ಸದ್ದು ಬಂದದ್ದನ್ನು ನಾನು ಸ್ಪಷ್ಟವಾಗಿ ಕೇಳಿದೆ. ಮಧ್ಯಾಹ್ನ ನನ್ನ ಹೆಸರಿನ ಮುಂದೆ ಕಾಯಂ ಎಂದು ಬರೆದದ್ದನ್ನು ನಾನೇ ಮೂರು ಸಲ ಓದಿದೆ. ಸಂಜೆ ಬಜಾರಿನ ನಡುವೆ ಸೆಟೆದುಕೊಂಡೇ ಮನೆಗೆ ಬಂದೆ. ಈ ಸಲ ಯಾರೂ ಸಲಾಮು ಮಾಡಲಿಲ್ಲ. ಬಸಣ್ಣಪ್ಪ ಮಾತ್ರ, "ನಿನ್ನೆ ಮೊನ್ನೆ ಛಂದ ಇದ್ದಿ, ಒಂದೇ ದಿನದಾಗ ಸೊಕ್ಕು ಬಂತೇನೋ?" ಎಂದ.

ಐದನೆಯ ದಿನ ಸಾಬಮ್ಮನೇ ಗಂಟು ಬಿಚ್ಚಿದಳು. ಅಂದಿನಿಂದ ಇಂದಿನವರೆಗೆ ನನ್ನ ಸೊಂಟ ಒಂದು ದಿನವೂ ನೋಯಲಿಲ್ಲ. ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಸಾಕ್ಷಿ ಹೇಳಲು ಹೊರಟವನು ಪೂರ್ತಿ ಹೇಳಬೇಕು. ಆಮೇಲೆ ಆ ಕಚೇರಿಗೆ ಎಷ್ಟೋ ಹುಜೂರರು ಬಂದರು. ಪ್ರತಿ ಸಲವೂ ನಾನು ಪೇಶ್ಕಾರರಿಗೆ, "ಸೊಂಟ ಹಿಡಿದದರಿ, ಬಗ್ಗಲಿಕ್ಕ ಬರಂಗಿಲ್ಲ," ಎಂದು ಹೇಳಿ ಅದೇ ಜಾಗದಲ್ಲಿ ನೆಟ್ಟಗೆ ನಿಂತೆ. ಆಳಿಕೆ ಹೋಗುವವರೆಗೂ ನಿಂತೆ.

ಶಾಲು ಹೊದಿಸುವವರು ಬೇಕಾದರೆ ವಿಚಾರಿಸಿಕೊಳ್ಳಲಿ. ಸಾಬಮ್ಮ ತೀರಿಕೊಂಡಳು. ಆ ಸಾಲಿನಲ್ಲಿದ್ದವರನ್ನು ಕೇಳಿ ಉಪಯೋಗವಿಲ್ಲ, ಅವರು ಕಂಡದ್ದು ನೆಲದ ಕಲ್ಲು ಮಾತ್ರ. ಪರದೆ ಹಿಡಿದು ನಿಂತಿದ್ದ ಹುಸೇನಸಾಬ್ ಇದ್ದಾನೆ, ಎಲ್ಲವನ್ನೂ ಕಂಡಿದ್ದಾನೆ. ನೀಲಮ್ಮ ಇದ್ದಾಳೆ. ಪಟ್ಟಿ ಕಟ್ಟಿದ್ದನ್ನೂ ಬಿಚ್ಚಿದ್ದನ್ನೂ ಕಂಡವಳು. ಸೊಂಟ ಹಿಡಿದಿದೆ ಎಂದು ನಾನು ಹೇಳಲಿದ್ದ ಆ ಒಂದೊಂದು ದಿನವೂ, ಬೆಳಿಗ್ಗೆ ಬಾವಿಯಿಂದ ಎರಡೆರಡು ಕೊಡ ನೀರು ಹೊತ್ತು ತರುತ್ತಿದ್ದ ನನ್ನನ್ನು ಕಂಡವಳು ಅವಳೊಬ್ಬಳೇ.